ಕ್ಷಮೆ ಬೇರೆ, ಖುಲಾಸೆ ಬೇರೆ: ಕ್ಯಾಪ್ಟನ್ ಡ್ರೇಫಸ್ ಬದುಕಿನಲ್ಲಿ ಸಿಕ್ಕ ಇಂಗ್ಲಿಷ್ ಪದಗಳು

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ಕ್ಲಾಸ್ ಗ್ರೂಪ್‌ಗಳಲ್ಲಿ ಒಂದು ಪಿಡಿಎಫ್ ಓಡಾಡೋಕೆ ಶುರುವಾಗುತ್ತೆ. ಸಾವಿರಾರು ಇಂಗ್ಲಿಷ್ ಪದ, ಪಕ್ಕದಲ್ಲಿ ಒಂದೊಂದು ಸಾಲು ಅರ್ಥ. ಎಯಿಂದ ಹಿಡಿದು ಸಿ ಮುಗಿಯೋಷ್ಟರಲ್ಲಿ ಉತ್ಸಾಹ ಮುಗಿದಿರುತ್ತೆ. ಇಂಗ್ಲಿಷ್ ಮೀಡಿಯಂನಲ್ಲೇ ಓದಿ ಬಂದ ನಮಗೂ ಇದೇ ಗತಿ. ಪದ ಗೊತ್ತಿರುತ್ತೆ, ಅದರ ತೂಕ ಗೊತ್ತಿರೋದಿಲ್ಲ. ಪಾರ್ಡನ್, ಆಮ್ನೆಸ್ಟಿ, ಅಕ್ವಿಟ್, ಎಕ್ಸಾನರೇಟ್ ಅಂತ ನಾಲ್ಕು ಪದ ತಗೊಳ್ಳಿ. ಪಟ್ಟಿಯಲ್ಲಿ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ: ಬಿಟ್ಟುಬಿಡೋದು.

ಆದರೆ ಈ ಪದಗಳ ನಡುವಿನ ವ್ಯತ್ಯಾಸ ಏನು ಅಂತ ಒಬ್ಬ ಮನುಷ್ಯ ತನ್ನ ಬದುಕಿನ ಹನ್ನೆರಡು ವರ್ಷ ಕೊಟ್ಟು ಕಲಿಯಬೇಕಾಯಿತು. ಅವರು ಆಲ್ಫ್ರೆಡ್ ಡ್ರೇಫಸ್, ಫ್ರಾನ್ಸ್ ಸೇನೆಯ ಕ್ಯಾಪ್ಟನ್. ನಮ್ಮ ಹಾಗೆ ಗಣಿತ, ಮೆಕ್ಯಾನಿಕ್ಸ್ ಓದಿದವರು. ಕೇಸ್ ನಡೆದಿದ್ದು ಫ್ರೆಂಚ್ ಭಾಷೆಯಲ್ಲಿ. ಆದರೂ ಕೋರ್ಟಿಗೆ ಸೇರಿದ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ಫ್ರೆಂಚ್ ಮತ್ತು ಲ್ಯಾಟಿನ್‌ನಿಂದಲೇ ಬಂದವು. ಹಾಗಾಗಿ ಅವರ ಕಥೆ ಓದ್ತಾ ಹೋದರೆ ಪದಗಳು ಒಂದೊಂದಾಗಿ ತಾವೇ ಎದುರಾಗುತ್ತವೆ.

ಓದುವ ಹುಡುಗ

ಡ್ರೇಫಸ್ ಹುಟ್ಟಿದ್ದು 1859ರ ಅಕ್ಟೋಬರ್ 9ರಂದು, ಅಲ್ಸಾಸ್ ಪ್ರಾಂತ್ಯದ ಮ್ಯೂಲೂಸ್ ಊರಲ್ಲಿ. ಅಪ್ಪನದು ಬಟ್ಟೆ ಮಿಲ್ಲು, ಅನುಕೂಲಸ್ಥ ಯಹೂದಿ ಕುಟುಂಬ. ಮನೆಯಲ್ಲಿ ಇವರೇ ಕೊನೇ ಮಗ. ಹುಡುಗ ಹನ್ನೊಂದು ವರ್ಷದವನಿದ್ದಾಗ ಫ್ರಾನ್ಸ್ ಜರ್ಮನ್ನರ ಎದುರು ಯುದ್ಧದಲ್ಲಿ ಸೋತಿತು, ಅಲ್ಸಾಸ್ ಜರ್ಮನಿಗೆ ಸೇರಿತು. ಊರೊಳಗೆ ಶತ್ರು ಸೈನ್ಯ ನಡೆದು ಬಂದದ್ದನ್ನು ಕಣ್ಣಾರೆ ಕಂಡ ಹುಡುಗ ಸೈನಿಕನಾಗಬೇಕು ಅಂತ ನಿರ್ಧರಿಸಿದ. ಕುಟುಂಬ ಫ್ರಾನ್ಸಿನ ಪೌರತ್ವವನ್ನೇ ಆರಿಸಿಕೊಂಡಿತು.

1878ರಲ್ಲಿ ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್‌ಗೆ ಸೀಟು ಸಿಕ್ಕಿತು. ಆ ದೇಶದ ಮಟ್ಟಿಗೆ ಅದು ನಮ್ಮ ಐಐಟಿ ಇದ್ದ ಹಾಗೆ, ಆದರೆ ಸೇನೆಗೆ ಸೇರಿದ್ದು. ಅಲ್ಲಿಂದ ಫಿರಂಗಿ ದಳ, 1889ರಲ್ಲಿ ಕ್ಯಾಪ್ಟನ್ ಹುದ್ದೆ. 1890ರಲ್ಲಿ ಲೂಸಿ ಹಡಮಾರ್ಡ್ ಜೊತೆ ಮದುವೆ. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹಡಮಾರ್ಡ್ ಮ್ಯಾಟ್ರಿಕ್ಸ್, ಕ್ವಾಂಟಮ್ ಕಂಪ್ಯೂಟಿಂಗ್‌ನ ಹಡಮಾರ್ಡ್ ಗೇಟ್ ಇವೆಲ್ಲ ಯಾರ ಹೆಸರಲ್ಲಿವೆಯೋ ಆ ಗಣಿತಜ್ಞ ಜಾಕ್ ಹಡಮಾರ್ಡ್ ಈ ಲೂಸಿಯ ಸಂಬಂಧಿ.

ಸೇನೆಯ ಉನ್ನತ ಶಿಕ್ಷಣ ಶಾಲೆಯಲ್ಲಿ ಡ್ರೇಫಸ್ ಒಂಬತ್ತನೇ ರ‍್ಯಾಂಕ್ ಪಡೆದರು. ರ‍್ಯಾಂಕ್ ಇನ್ನೂ ಮೇಲಿರಬೇಕಿತ್ತು. ಆದರೆ ಪರೀಕ್ಷಕರಲ್ಲಿ ಒಬ್ಬ ಜನರಲ್‌ಗೆ ಸೇನಾ ಕೇಂದ್ರ ಕಚೇರಿಯಲ್ಲಿ ಯಹೂದಿಗಳು ಇರೋದೇ ಇಷ್ಟ ಇರಲಿಲ್ಲ. ನಮ್ಮ ಇಂಟರ್ನಲ್ಸ್ ಥರ, ಪರೀಕ್ಷಕರ ಅಭಿಪ್ರಾಯಕ್ಕೆ ಬಿಟ್ಟಿದ್ದ ಅಂಕಗಳನ್ನು ಆತ ಬೇಕಂತಲೇ ಕಡಿಮೆ ಮಾಡಿದ. ಡ್ರೇಫಸ್ ದೂರು ಕೊಟ್ಟರೂ ಏನೂ ಆಗಲಿಲ್ಲ. ಆದರೂ 1893ರಲ್ಲಿ ಕೇಂದ್ರ ಕಚೇರಿಗೆ ತರಬೇತಿಗಾಗಿ ಸೇರಿಕೊಂಡರು.

ಕೋತಿ ತಿಂದ ಮೊಸರು

1894ರ ಸೆಪ್ಟೆಂಬರ್. ಪ್ಯಾರಿಸ್‌ನ ಜರ್ಮನ್ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಫ್ರೆಂಚ್ ಗುಪ್ತಚರರಿಗೆ ಅಲ್ಲಿನ ಹರಿದ ಕಾಗದಗಳನ್ನು ತಂದುಕೊಡುತ್ತಿದ್ದಳು. ಹಾಗೆ ಬಂದ ಒಂದು ತೆಳು ಹಾಳೆಯಲ್ಲಿ ಫ್ರಾನ್ಸಿನ ಸೇನಾ ರಹಸ್ಯಗಳ ಪಟ್ಟಿ ಇತ್ತು. ಫಿರಂಗಿಯೊಂದರ ಹೈಡ್ರಾಲಿಕ್ ಬ್ರೇಕ್ ವಿಚಾರವೂ ಅದರಲ್ಲಿತ್ತು. ಬರೆದವನ ಸಹಿ ಇರಲಿಲ್ಲ. ಫಿರಂಗಿ ಗೊತ್ತಿರೋನು, ಕೇಂದ್ರ ಕಚೇರಿಯ ಹಲವು ವಿಭಾಗ ಸುತ್ತಿದೋನು ಯಾರು ಅಂತ ಅಧಿಕಾರಿಗಳು ಹುಡುಕಿದರು. ಡ್ರೇಫಸ್ ಹೆಸರು ಕಂಡಿತು. ಯಹೂದಿ ಅಂತಲೂ ಕಂಡಿತು. ಅಲ್ಲಿಗೆ ಹುಡುಕಾಟ ನಿಂತಿತು.

ಇಲ್ಲಿ ಮೊದಲ ಪದ: ಸ್ಕೇಪ್‌ಗೋಟ್. ಹಳೇ ಯಹೂದಿ ಆಚರಣೆಯೊಂದರಲ್ಲಿ ಊರವರ ಪಾಪವನ್ನೆಲ್ಲ ಒಂದು ಮೇಕೆಯ ತಲೆಗೆ ಕಟ್ಟಿ ಕಾಡಿಗೆ ಅಟ್ಟುತ್ತಿದ್ದರು, ಇಂಗ್ಲಿಷ್ ಪದ ಅಲ್ಲಿಂದ ಬಂತು. ನಮ್ಮಲ್ಲೂ ಒಂದು ಮೇಕೆ ಇದೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತೀವಲ್ಲ, ಅದೇ. ಎರಡೂ ಭಾಷೆಯಲ್ಲಿ ಸಿಕ್ಕಿಬೀಳೋದು ಪಾಪದ ಮೇಕೆಯೇ.

ಅಕ್ಟೋಬರ್ 15ರಂದು ಡ್ರೇಫಸ್ ಅವರನ್ನು ಕಚೇರಿಗೆ ಕರೆಸಿದರು. ಒಬ್ಬ ಮೇಜರ್ ಬೆರಳಿಗೆ ಗಾಯವಾಗಿದೆ ಅಂತ ನೆಪ ಹೇಳಿ ಅವರ ಕೈಯಲ್ಲಿ ಒಂದು ಪತ್ರ ಬರೆಸಿದ. ಆ ಪಟ್ಟಿಯಲ್ಲಿದ್ದ ಮಾತುಗಳನ್ನೇ ಹೇಳಿ ಬರೆಸಿದ್ದ. ಬರೆಯೋದು ಮುಗಿಯುವ ಮೊದಲೇ ಬಂಧನ. ಆರೋಪ ಟ್ರೀಸನ್. ನಮ್ಮ ಪೇಪರ್‌ಗಳಲ್ಲಿ ಟ್ರೀಸನ್, ಸೆಡಿಷನ್ ಎರಡಕ್ಕೂ ಕೆಲವೊಮ್ಮೆ ದೇಶದ್ರೋಹ ಅಂತಲೇ ಬರೀತಾರೆ. ಸೆಡಿಷನ್ ಅಂದ್ರೆ ಸರ್ಕಾರದ ವಿರುದ್ಧ ಜನರನ್ನು ಎತ್ತಿಕಟ್ಟೋದು. ಟ್ರೀಸನ್ ಅಂದ್ರೆ ತನ್ನ ದೇಶವನ್ನೇ ಶತ್ರುವಿಗೆ ಒಪ್ಪಿಸೋದು. ಎದುರಿಗಿದ್ದ ಮೇಜಿನ ಮೇಲೆ ಒಂದು ಪಿಸ್ತೂಲು ಇಟ್ಟಿದ್ದರು, ಮರ್ಯಾದೆ ಉಳಿಸಿಕೊಳ್ಳೋಕೆ ತಾನೇ ಗುಂಡು ಹಾರಿಸಿಕೊಳ್ಳಲಿ ಅಂತ. ಡ್ರೇಫಸ್ ಅದನ್ನು ಮುಟ್ಟಲಿಲ್ಲ. ಬದುಕಿದ್ದು ತಾನು ನಿರಪರಾಧಿ ಅಂತ ತೋರಿಸ್ತೀನಿ ಅನ್ನೋದು ಅವರ ನಿಲುವಾಗಿತ್ತು.

ಮುಚ್ಚಿದ ಕೋಣೆಯ ವಿಚಾರಣೆ

ಕೋರ್ಟ್ ಮಾರ್ಷಲ್ ಡಿಸೆಂಬರ್ 19ರಿಂದ 22ರವರೆಗೆ ನಡೆಯಿತು, ಇನ್ ಕ್ಯಾಮೆರಾ. ಈ ಪದ ಕೇಳಿದರೆ ವಿಡಿಯೋ ರೆಕಾರ್ಡಿಂಗ್ ಮಾಡ್ತಾ ವಿಚಾರಣೆ ನಡೆಸಿದರು ಅಂತ ಅನಿಸುತ್ತೆ. ಅರ್ಥ ತದ್ವಿರುದ್ಧ. ಲ್ಯಾಟಿನ್‌ನಲ್ಲಿ ಕ್ಯಾಮೆರಾ ಅಂದ್ರೆ ಕೋಣೆ. ನಮ್ಮ ಫೋಟೋ ಕ್ಯಾಮೆರಾಗೆ ಆ ಹೆಸರು ಬಂದಿದ್ದೂ ಅದು ಮೂಲದಲ್ಲಿ ಒಂದು ಕತ್ತಲೆ ಕೋಣೆ ಆಗಿದ್ದಕ್ಕೆ. ಇನ್ ಕ್ಯಾಮೆರಾ ಅಂದ್ರೆ ಬಾಗಿಲು ಹಾಕಿಕೊಂಡು, ಹೊರಗಿನವರಿಗೆ ಪ್ರವೇಶ ಇಲ್ಲದೆ ನಡೆಸೋದು.

ಕೈಬರಹದ ವಿಷಯದಲ್ಲಿ ತಜ್ಞರಲ್ಲೇ ಒಮ್ಮತ ಇರಲಿಲ್ಲ. ಪ್ಯಾರಿಸ್ ಪೊಲೀಸ್ ಇಲಾಖೆಯ ಆಲ್ಫೋನ್ಸ್ ಬರ್ಟಿಲಾನ್ ದೇಹದ ಅಳತೆಗಳಿಂದ ಅಪರಾಧಿಗಳನ್ನು ಗುರುತಿಸುವುದರಲ್ಲಿ ಹೆಸರಾಗಿದ್ದವನು, ಕೈಬರಹದ ತಜ್ಞ ಅಲ್ಲ. ಹಾಳೆಯ ಬರಹ ಡ್ರೇಫಸ್ ಬರಹದಂತೆ ಎಲ್ಲಿ ಇಲ್ಲವೋ ಅಲ್ಲಿ ಡ್ರೇಫಸ್ ತಮ್ಮದೇ ಅಕ್ಷರವನ್ನು ತಾವೇ ನಕಲು ಮಾಡಿ ಮರೆಸಿದ್ದಾರೆ ಅಂತ ಅವನು ವಾದಿಸಿದ. ಅಂದ್ರೆ ಹೋಲಿಕೆ ಇದ್ದರೂ ಡ್ರೇಫಸ್ ತಪ್ಪಿತಸ್ಥ, ಹೋಲಿಕೆ ಇಲ್ಲದಿದ್ದರೂ ಡ್ರೇಫಸ್ ತಪ್ಪಿತಸ್ಥ. ಯಾವ ಇನ್‌ಪುಟ್ ಕೊಟ್ಟರೂ ಒಂದೇ ಔಟ್‌ಪುಟ್ ಬರೋ ಪ್ರೋಗ್ರಾಮ್ ಅದು.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿತ್ತು. ಸೇನೆಯ ಕಡೆಯಿಂದ ಒಂದು ರಹಸ್ಯ ಫೈಲು ನೇರವಾಗಿ ನ್ಯಾಯಾಧೀಶರ ಕೈ ಸೇರಿತು. ಡ್ರೇಫಸ್‌ಗಾಗಲಿ ಅವರ ವಕೀಲ ದೆಮಾಂಜ್‌ಗಾಗಲಿ ಅಂಥದ್ದೊಂದು ಫೈಲು ಇದೆ ಅಂತಲೂ ತಿಳಿಸಲಿಲ್ಲ. ನೋಡದೇ ಇರೋ ಸಾಕ್ಷ್ಯಕ್ಕೆ ಉತ್ತರ ಕೊಡೋದು ಹೇಗೆ? ಏಳು ಜನ ನ್ಯಾಯಾಧೀಶರೂ ಒಮ್ಮತದಿಂದ ಅಪರಾಧಿ ಅಂದರು. ತೀರ್ಪಿಗೆ ಇಂಗ್ಲಿಷ್‌ನಲ್ಲಿ ವರ್ಡಿಕ್ಟ್ ಅಂತಾರೆ. ಆ ಪದದ ಮೂಲ ಅರ್ಥ, ಸತ್ಯವಾಗಿ ಹೇಳಿದ್ದು.

1895ರ ಜನವರಿ 5ರಂದು ಸೇನಾ ಶಾಲೆಯ ಅಂಗಳದಲ್ಲಿ ಎಲ್ಲರೆದುರು ಡಿಗ್ರೆಡೇಷನ್ ನಡೆಯಿತು. ನಮಗೆ ಸಿಗ್ನಲ್ ಡಿಗ್ರೆಡೇಷನ್, ಬ್ಯಾಟರಿ ಡಿಗ್ರೆಡೇಷನ್ ಗೊತ್ತು. ಅದರೊಳಗಿರೋದು ಗ್ರೇಡ್, ಅಂದ್ರೆ ಮೆಟ್ಟಿಲು. ಮನುಷ್ಯನನ್ನು ಅವನ ಮೆಟ್ಟಿಲಿಂದ ಇಳಿಸೋದು ಡಿಗ್ರೇಡ್ ಮಾಡೋದು. ಡ್ರೇಫಸ್ ಸಮವಸ್ತ್ರದ ಗುಂಡಿ, ಪಟ್ಟಿಗಳನ್ನು ಕಿತ್ತೆಸೆದರು, ಕತ್ತಿಯನ್ನು ಎರಡು ತುಂಡು ಮಾಡಿದರು. ಗೇಟಿನ ಹೊರಗೆ ಜನ ಯಹೂದಿಗಳಿಗೆ ಧಿಕ್ಕಾರ ಕೂಗುತ್ತಿದ್ದರು. ಡ್ರೇಫಸ್ ಮಾತ್ರ ತಾನು ನಿರಪರಾಧಿ ಅಂತ ಕೂಗುತ್ತಲೇ ಅಂಗಳ ಸುತ್ತಿದರು.

ದ್ವೀಪದಲ್ಲಿ ಇಂಗ್ಲಿಷ್

ಶಿಕ್ಷೆ ಜೀವನಪರ್ಯಂತ ಗಡೀಪಾರು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ತೀರದಾಚೆ ಇರೋ ಡೆವಿಲ್ಸ್ ಐಲ್ಯಾಂಡ್‌ಗೆ 1895ರ ಏಪ್ರಿಲ್‌ನಲ್ಲಿ ಅವರನ್ನು ತಂದು ಬಿಟ್ಟರು. ಹಿಂದೆ ಕುಷ್ಠರೋಗಿಗಳನ್ನು ಇಡುತ್ತಿದ್ದ ಜಾಗ ಅದು. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕಲ್ಲಿನ ಗುಡಿಸಲು. ಕಾವಲುಗಾರರಿದ್ದರೂ ಅವರು ಕೈದಿಯ ಜೊತೆ ಮಾತಾಡೋ ಹಾಗಿಲ್ಲ.

1896ರ ಸೆಪ್ಟೆಂಬರ್‌ನಲ್ಲಿ ಡ್ರೇಫಸ್ ತಪ್ಪಿಸಿಕೊಂಡರು ಅಂತ ಸುಳ್ಳು ಸುದ್ದಿ ಹಬ್ಬಿತು. ಅವರು ಎಲ್ಲೂ ಹೋಗಿರಲಿಲ್ಲ. ಆದರೂ ವಾರಗಟ್ಟಲೆ ರಾತ್ರಿ ಹೊತ್ತು ಕಾಲಿಗೆ ಕಬ್ಬಿಣದ ಕೋಳ ತೊಡಿಸಿ ಮಂಚಕ್ಕೆ ಬಿಗಿದರು. ಕೋಳಕ್ಕೆ ಇಂಗ್ಲಿಷ್‌ನಲ್ಲಿ ಶ್ಯಾಕಲ್. ಕ್ರೇನ್ ಚೈನಿಗೆ ಹಾಕೋ ಡಿ-ಶ್ಯಾಕಲ್ ನೋಡಿದ ಮೆಕ್ಯಾನಿಕಲ್‌ನವರು ಅದನ್ನು ಒಬ್ಬನ ಕಾಲಲ್ಲಿ ಕಲ್ಪಿಸಿಕೊಳ್ಳಿ. ಗುಡಿಸಲ ಸುತ್ತ ಮರದ ಬೇಲಿ ಎತ್ತರಿಸಿ ಸಮುದ್ರವೂ ಕಾಣದ ಹಾಗೆ ಮಾಡಿದರು. ಮುಂದೆ ಲೂಸಿಯ ಪತ್ರಗಳು ಕೂಡ ಬೇರೆಯವರು ನಕಲು ಮಾಡಿದ ಪ್ರತಿಯಾಗಿ ಬರತೊಡಗಿದವು. ಕೈಬರಹದ ಹೆಸರಲ್ಲಿ ಜೈಲು ಸೇರಿದ ಮನುಷ್ಯನಿಗೆ ಹೆಂಡತಿಯ ಕೈಬರಹ ನೋಡೋ ಭಾಗ್ಯವೂ ಇಲ್ಲದಾಯಿತು.

ಮಾತಿಲ್ಲದ ಆ ವರ್ಷಗಳಲ್ಲಿ ಅವರು ತಲೆ ಕೆಡದಂತೆ ಕಾಪಾಡಿಕೊಂಡದ್ದು ನೋಟ್‌ಬುಕ್‌ಗಳಿಂದ. ಗಣಿತದ ಸಮಸ್ಯೆಗಳು, ಓದಿದ ಪುಸ್ತಕಗಳ ಟಿಪ್ಪಣಿ, ಒಂದೇ ಥರದ ಚಿತ್ತಾರ ಮತ್ತೆ ಮತ್ತೆ, ಜೊತೆಗೆ ಇಂಗ್ಲಿಷ್ ಅಭ್ಯಾಸ. ಶೇಕ್ಸ್‌ಪಿಯರ್ ನಾಟಕಗಳನ್ನು ಓದಿದರು. ಅಲ್ಲಿ ಟೆಸ್ಟ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ಕಲಿತ ಭಾಷೆಯಲ್ಲಿ ಮಾತಾಡಿಸೋಕೆ ಒಬ್ಬರೂ ಇಲ್ಲ. ಹೊಸ ಪದ ಕಲಿಯೋದು ಅಂದ್ರೆ ಅವರಿಗೆ ನಾಳೆ ಅನ್ನೋದು ಇನ್ನೂ ಇದೆ ಅಂತ ನಂಬೋದು.

ಕುಲುಮೆಯಲ್ಲಿ ಬಡಿದ ಸಾಕ್ಷಿ

ಇತ್ತ ಪ್ಯಾರಿಸ್‌ನಲ್ಲಿ 1896ರಲ್ಲಿ ಗುಪ್ತಚರ ವಿಭಾಗದ ಹೊಸ ಮುಖ್ಯಸ್ಥ ಜಾರ್ಜ್ ಪಿಕಾರ್ ಕೈಗೆ ಇನ್ನೊಂದು ಕಾಗದ ಸಿಕ್ಕಿತು. ಅದರ ಜಾಡು ಹಿಡಿದರೆ ಸಿಕ್ಕವನು ಮೇಜರ್ ಎಸ್ಟರ್‌ಹೇಜಿ, ಸಾಲದಲ್ಲಿ ಮುಳುಗಿದ್ದ ಅಧಿಕಾರಿ. ಅವನ ಕೈಬರಹ ಆ ಪಟ್ಟಿಯದ್ದೇ. ಪಿಕಾರ್‌ಗೂ ಯಹೂದಿಗಳ ಮೇಲೆ ಪ್ರೀತಿ ಏನೂ ಇರಲಿಲ್ಲ. ಆದರೂ ಕಂಡ ಸತ್ಯವನ್ನು ಮೇಲಧಿಕಾರಿಗಳಿಗೆ ಹೇಳಿದರು. ಅದಕ್ಕೆ ಸಿಕ್ಕ ಬಹುಮಾನ ದೂರದ ಟ್ಯುನೀಸಿಯಾಗೆ ವರ್ಗ, ಆಮೇಲೆ ಜೈಲು.

ಅದೇ ವಿಭಾಗದ ಮೇಜರ್ ಹೆನ್ರಿ ಎಂಬವನು ಡ್ರೇಫಸ್ ತಪ್ಪಿತಸ್ಥ ಅಂತ ತೋರಿಸೋ ಒಂದು ಪತ್ರವನ್ನು ತಾನೇ ತಯಾರಿಸಿದ. ಇದು ಫೋರ್ಜರಿ. ಫಸ್ಟ್ ಇಯರ್ ವರ್ಕ್‌ಶಾಪ್‌ನ ಫೋರ್ಜಿಂಗ್ ನೆನಪಿದೆಯಲ್ಲ? ಎರಡೂ ಒಂದೇ ಬೇರಿನ ಪದಗಳು. ಕುಲುಮೆಯಲ್ಲಿ ಬಡಿದು ಆಕಾರ ಕೊಡೋದಕ್ಕೂ, ಸುಳ್ಳಿಗೆ ದಾಖಲೆಯ ಆಕಾರ ಕೊಡೋದಕ್ಕೂ ಇಂಗ್ಲಿಷ್‌ನಲ್ಲಿ ಒಂದೇ ಮಾತು. ಫ್ಯಾಬ್ರಿಕೇಷನ್ ಕೂಡ ಹಾಗೇ: ಫ್ಯಾಕ್ಟರಿಯಲ್ಲಿ ಅದು ಕೌಶಲ, ಕೋರ್ಟಿನಲ್ಲಿ ಅಪರಾಧ.

ಡ್ರೇಫಸ್ ಅಣ್ಣ ಮ್ಯಾಥ್ಯೂ 1897ರಲ್ಲಿ ಎಸ್ಟರ್‌ಹೇಜಿಯ ಹೆಸರನ್ನು ಬಹಿರಂಗವಾಗಿ ಹೇಳಿದರು. 1898ರ ಜನವರಿ 11ರಂದು ಸೇನಾ ನ್ಯಾಯಾಲಯ ಅವನನ್ನು ಕೆಲವೇ ನಿಮಿಷಗಳ ಚರ್ಚೆಯಲ್ಲಿ ಅಕ್ವಿಟ್ ಮಾಡಿತು, ಅಂದ್ರೆ ಖುಲಾಸೆ. ನಿಜವಾದ ಗೂಢಚಾರನಿಗೆ ಆ ಪದ ಇಷ್ಟು ಸುಲಭವಾಗಿ ಸಿಕ್ಕಿತು. ಎರಡು ದಿನದ ನಂತರ ಕಾದಂಬರಿಕಾರ ಎಮಿಲ್ ಜೋಲಾ ಲೋರೋರ್ ಪತ್ರಿಕೆಯ ಮುಖಪುಟದಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು ಅಧಿಕಾರಿಗಳ ಮೇಲೆ ಹೆಸರು ಹಿಡಿದು ಆರೋಪ ಮಾಡಿದರು. ಸುಮಾರು 3 ಲಕ್ಷ ಪ್ರತಿ ಅಚ್ಚಾಯಿತು. ಜೋಲಾಗೆ ಒಂದು ವರ್ಷ ಜೈಲು ಮತ್ತು 3000 ಫ್ರಾಂಕ್ ದಂಡ ಬಿತ್ತು, ಅವರು ಇಂಗ್ಲೆಂಡಿಗೆ ಹೋಗಿ ತಲೆಮರೆಸಿಕೊಂಡರು.

ಸುಳ್ಳು ಹೊರಬಿದ್ದದ್ದು 1898ರ ಆಗಸ್ಟ್‌ನಲ್ಲಿ. ಕ್ಯಾಪ್ಟನ್ ಕುಯಿನ್ಯೆ ಎಂಬ ಅಧಿಕಾರಿ ಒಂದು ರಾತ್ರಿ ದೀಪದ ಬೆಳಕಲ್ಲಿ ಹೆನ್ರಿಯ ಪತ್ರ ಪರೀಕ್ಷಿಸುತ್ತಿದ್ದಾಗ, ಅಂಟಿಸಿದ ತುಂಡುಗಳ ಮೇಲಿನ ಗೆರೆಗಳ ಬಣ್ಣ ಬೇರೆ ಬೇರೆ ಇರೋದು ಕಂಡಿತು. ಎರಡು ಬೇರೆ ಹಾಳೆ ಸೇರಿಸಿ ಒಂದು ಪತ್ರ ಮಾಡಿದ್ದರು. ಹೆನ್ರಿ ತಪ್ಪೊಪ್ಪಿಕೊಂಡ, ಮರುದಿನ ಸೆರೆಯಲ್ಲೇ ಆತ್ಮಹತ್ಯೆ ಮಾಡಿಕೊಂಡ. ಎಸ್ಟರ್‌ಹೇಜಿ ಇಂಗ್ಲೆಂಡಿಗೆ ಓಡಿಹೋದ, 1923ರಲ್ಲಿ ಅಲ್ಲೇ ಸತ್ತ. ಮಾಡಿದ್ದಕ್ಕೆ ಅವನಿಗೆ ಶಿಕ್ಷೆ ಆಗಲೇ ಇಲ್ಲ.

ಸೊನ್ನೆ ಬಿಂದು ಎರಡರ ಲೆಕ್ಕ

1899ರ ಜೂನ್‌ನಲ್ಲಿ ಉನ್ನತ ನ್ಯಾಯಾಲಯ ಹಳೇ ತೀರ್ಪನ್ನು ರದ್ದು ಮಾಡಿತು. ರೆನ್ ನಗರದಲ್ಲಿ ಮರುವಿಚಾರಣೆ. ದ್ವೀಪದಿಂದ ಬಂದ ಡ್ರೇಫಸ್‌ಗೆ ಜೋಲಾ ಪತ್ರವೂ ಗೊತ್ತಿರಲಿಲ್ಲ, ಹೆನ್ರಿ ಸತ್ತದ್ದೂ ಗೊತ್ತಿರಲಿಲ್ಲ. ತಮ್ಮ ಹೆಸರಲ್ಲಿ ಇಡೀ ದೇಶ ಎರಡು ಪಾಲಾಗಿದೆ ಅಂತ ವಕೀಲರು ಹೇಳಿದ ಮೇಲೆಯೇ ತಿಳಿದದ್ದು.

ರೆನ್‌ನಲ್ಲಿ ಬರ್ಟಿಲಾನ್ ಮತ್ತೆ ತನ್ನ ಸಿದ್ಧಾಂತ ತಂದ. ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ 13 ಪದಗಳ ಮೊದಲು ಮತ್ತು ಕೊನೆ ಸೇರಿ 26 ಜಾಗ ನೋಡಿ, ಅದರಲ್ಲಿ 4 ಕಡೆ ಹೊಂದಾಣಿಕೆ ಇದೆ ಅಂದ. ಒಂದೊಂದು ಆಕಸ್ಮಿಕವಾಗಿ ಆಗುವ ಸಂಭವ 0.2, ಹಾಗಾಗಿ ನಾಲ್ಕನ್ನೂ ಗುಣಿಸಿದರೆ 0.0016, ಇದು ಆಕಸ್ಮಿಕ ಆಗಿರೋಕೆ ಸಾಧ್ಯವೇ ಇಲ್ಲ ಅನ್ನೋದು ಅವನ ವಾದ. ಗಣಿತಜ್ಞ ಆನ್ರಿ ಪ್ವಾಂಕರೆ ಬರೆದ ಪತ್ರವನ್ನು ಅಲ್ಲಿ ಓದಲಾಯಿತು. ನಾಲ್ಕೇ ಜಾಗ ನೋಡಿ ನಾಲ್ಕೂ ಹೊಂದಿದರೆ ಮಾತ್ರ ಆ ಸಂಖ್ಯೆ ಸರಿ, ಇಲ್ಲಿ ನೋಡಿದ್ದು 26 ಜಾಗ ಅನ್ನೋದು ಅವರ ಆಕ್ಷೇಪ. ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಹಾಕಿ ನಾವೂ ಲೆಕ್ಕ ಮಾಡಿದೆವು: 26ರಲ್ಲಿ ಕನಿಷ್ಠ 4 ಹೊಂದುವ ಸಂಭವ ಸುಮಾರು 0.79. ಅಸಾಧ್ಯ ಅಂದಿದ್ದು ನಿಜವಾಗಿ ಮಾಮೂಲಿ. ಪರೀಕ್ಷೆಯಲ್ಲಿ ನಮಗೆ ಎರಡು ಮಾರ್ಕ್ಸ್ ಹೋಗೋ ತಪ್ಪು ಅಲ್ಲಿ ಒಬ್ಬರ ಜೀವಕ್ಕೆ ಕುತ್ತಾಗಿತ್ತು.

ಇಷ್ಟಾದ ಮೇಲೂ ಸೆಪ್ಟೆಂಬರ್ 9ರಂದು ಏಳರಲ್ಲಿ ಐದು ನ್ಯಾಯಾಧೀಶರು ಮತ್ತೆ ಅಪರಾಧಿ ಅಂದರು, ಆದರೆ ಎಕ್ಸ್‌ಟೆನ್ಯುಯೇಟಿಂಗ್ ಸರ್ಕಮ್‌ಸ್ಟಾನ್ಸಸ್ ಇದೆ ಅಂತ ಸೇರಿಸಿ ಹತ್ತು ವರ್ಷ ಕೊಟ್ಟರು. ಎಕ್ಸ್‌ಟೆನ್ಯುಯೇಟ್ ಅಂದ್ರೆ ತೆಳುವಾಗಿಸೋದು, ತಪ್ಪಿನ ತೀವ್ರತೆ ಕಡಿಮೆ ಮಾಡೋ ಸಂದರ್ಭ. ಹಸಿದವನು ರೊಟ್ಟಿ ಕದ್ದರೆ ಆ ಪದ ಒಪ್ಪುತ್ತೆ. ದೇಶದ ರಹಸ್ಯ ಮಾರಿದವನಿಗೆ ಎಂಥ ತೆಳು ಕಾರಣ? ಆ ನ್ಯಾಯಾಧೀಶರಿಗೇ ತಮ್ಮ ತೀರ್ಪಿನ ಮೇಲೆ ಧೈರ್ಯ ಇರಲಿಲ್ಲ ಅಂತ ಆ ಒಂದು ಪದ ಹೇಳಿಬಿಡುತ್ತೆ.

ನಾಲ್ಕು ಪದ, ನಾಲ್ಕು ದಾರಿ

ಹತ್ತು ದಿನಕ್ಕೆ, 1899ರ ಸೆಪ್ಟೆಂಬರ್ 19ರಂದು, ರಾಷ್ಟ್ರಾಧ್ಯಕ್ಷ ಲೂಬೆ ಪಾರ್ಡನ್ ಕೊಟ್ಟರು. ಕ್ಷಮಾದಾನ. ಪಟ್ಟಿ ನೋಡಿದರೆ ಕಥೆ ಸುಖಾಂತ್ಯ. ಆದರೆ ಕ್ಷಮಿಸೋದು ತಪ್ಪು ಮಾಡಿದವರನ್ನು. ಅದನ್ನು ಪಡೆಯೋಕೆ ಡ್ರೇಫಸ್ ಮೇಲ್ಮನವಿ ಹಿಂದೆ ತಗೋಬೇಕಾಯಿತು. ಬೆಂಬಲಿಗರಲ್ಲಿ ಕೆಲವರಿಗೆ ಇದು ಸಿಟ್ಟು ತಂದಿತು, ಹೋರಾಟ ಅರ್ಧಕ್ಕೆ ಬಿಟ್ಟರು ಅಂದುಕೊಂಡರು. ಡ್ರೇಫಸ್ ಆಗ ಜ್ವರ, ನಿಶ್ಶಕ್ತಿಯಿಂದ ಸಾಯುವ ಹಾಗಿದ್ದರು, ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ ಒಪ್ಪಿಕೊಂಡರು. ಆದರೆ ನಿರಪರಾಧಿ ಅಂತ ಸಾಬೀತು ಮಾಡೋ ಹೋರಾಟ ನಿಲ್ಲಿಸೋದಿಲ್ಲ ಅಂತ ಅದೇ ಹೊತ್ತಿಗೆ ಪ್ರಕಟಿಸಿದರು.

1900ರ ಡಿಸೆಂಬರ್‌ನಲ್ಲಿ ಸರ್ಕಾರ ಆಮ್ನೆಸ್ಟಿ ಕಾನೂನು ತಂದಿತು. ಆಮ್ನೇಸಿಯಾ, ಅಂದ್ರೆ ಮರೆವಿನ ಕಾಯಿಲೆ, ಆ ಪದದ ಅಕ್ಕತಂಗಿ. ಗ್ರೀಕ್ ಮೂಲದಲ್ಲಿ ಎರಡೂ ಮರೆವೇ. ಪ್ರಕರಣಕ್ಕೆ ಸೇರಿದ ಎಲ್ಲರ ಮೇಲಿನ ಕೇಸ್‌ಗಳನ್ನೂ ಮರೆತುಬಿಡೋಣ ಅನ್ನೋದು ಸರ್ಕಾರದ ಆಸೆ. ಸುಳ್ಳು ದಾಖಲೆ ಮಾಡಿದವರೂ, ಅದನ್ನು ಬಯಲಿಗೆಳೆದ ಪಿಕಾರ್, ಜೋಲಾರೂ ಒಂದೇ ಸಾಲಲ್ಲಿ. ಇಬ್ಬರೂ ಇದನ್ನು ವಿರೋಧಿಸಿದರು. ಡ್ರೇಫಸ್ ಮಾತ್ರ ತಮ್ಮ ಕೇಸ್ ಮತ್ತೆ ತೆರೆಯೋ ಹಕ್ಕು ಉಳಿಸಿಕೊಂಡಿದ್ದರು.

1904ರಲ್ಲಿ ಪ್ವಾಂಕರೆ, ಡಾರ್ಬೂ, ಆಪೆಲ್ ಎಂಬ ಮೂವರು ಗಣಿತಜ್ಞರು ಬರ್ಟಿಲಾನ್ ಸಿದ್ಧಾಂತಕ್ಕೆ ವೈಜ್ಞಾನಿಕ ಬೆಲೆಯೇ ಇಲ್ಲ ಅಂತ ವರದಿ ಕೊಟ್ಟರು. 1906ರ ಜುಲೈ 12ರಂದು ಉನ್ನತ ನ್ಯಾಯಾಲಯ ರೆನ್ ತೀರ್ಪನ್ನೂ ರದ್ದು ಮಾಡಿ, ಇನ್ನು ಮರುವಿಚಾರಣೆಯೂ ಬೇಡ, ಆರೋಪದಲ್ಲಿ ಉಳಿದಿದ್ದು ಏನೂ ಇಲ್ಲ ಎಂದು ಸಾರಿತು. ಇದು ಎಕ್ಸಾನರೇಟ್. ಆ ಪದದೊಳಗೆ ಓನಸ್ ಇದೆ, ಅಂದ್ರೆ ಹೊರೆ. ಹೊರೆ ಇಳಿಸೋದು. ಪಾರ್ಡನ್ ಅವರನ್ನು ಜೈಲಿಂದ ಬಿಡಿಸಿತು, ಹೊರೆ ಇಳಿಸಿದ್ದು ಈ ಪದ. ಎರಡರ ನಡುವೆ ಸುಮಾರು ಏಳು ವರ್ಷ.

ಅದೇ ತಿಂಗಳು ಅದೇ ಸೇನಾ ಶಾಲೆಯಲ್ಲಿ ಅವರಿಗೆ ಲೀಜನ್ ಆಫ್ ಆನರ್ ಪದಕ ತೊಡಿಸಿದರು. ಮೇಜರ್ ಹುದ್ದೆಯೂ ಸಿಕ್ಕಿತು. ಆದರೆ ದ್ವೀಪದಲ್ಲಿ ಕಳೆದ ವರ್ಷಗಳನ್ನು ಸೀನಿಯಾರಿಟಿಗೆ ಸೇರಿಸಲಿಲ್ಲ. ಜೊತೆಯವರು ಮುಂದೆ ಹೋಗಿಯಾಗಿತ್ತು. 1907ರಲ್ಲಿ ನಿವೃತ್ತಿ ತಗೊಂಡರು. 1908ರಲ್ಲಿ ಜೋಲಾ ಅಸ್ಥಿಯನ್ನು ಪ್ಯಾಂಥಿಯನ್‌ಗೆ ತಂದ ಸಮಾರಂಭದಲ್ಲಿ ಒಬ್ಬ ಇವರ ಮೇಲೆ ಗುಂಡು ಹಾರಿಸಿದ, ತೋಳಿಗೆ ಗಾಯವಾಯಿತು. ಕೋರ್ಟ್ ಅವನನ್ನು ಖುಲಾಸೆ ಮಾಡಿತು. ಇಷ್ಟೆಲ್ಲ ಆದ ಮೇಲೂ ಮೊದಲ ಮಹಾಯುದ್ಧ ಶುರುವಾದಾಗ ಐವತ್ತು ದಾಟಿದ ಡ್ರೇಫಸ್ ಮತ್ತೆ ಅದೇ ಸೇನೆಯ ಸಮವಸ್ತ್ರ ತೊಟ್ಟರು. 1935ರ ಜುಲೈ 12ರಂದು ತೀರಿಕೊಂಡರು. ಕೋರ್ಟು ಅವರ ಹೊರೆ ಇಳಿಸಿದ ದಿನಕ್ಕೆ ಸರಿಯಾಗಿ 29 ವರ್ಷ.

ನಮ್ಮ ಮಾತಲ್ಲಿ ಜಾಮೀನು ಸಿಕ್ಕವನೂ ಬಿಡುಗಡೆ ಆದ, ಶಿಕ್ಷೆ ಮುಗಿಸಿದವನೂ ಬಿಡುಗಡೆ ಆದ, ಕ್ಷಮಾದಾನ ಪಡೆದವನೂ ನಿರಪರಾಧಿ ಅಂತ ಸಾಬೀತಾದವನೂ ಬಿಡುಗಡೆಯೇ ಆದ. ಆರೋಪಿ, ಅಪರಾಧಿ ಅನ್ನೋದನ್ನಂತೂ ಅದಲುಬದಲು ಮಾಡಿಯೇ ಆಡ್ತೀವಿ. ಇದು ಕನ್ನಡದ ಬಡತನ ಅಲ್ಲ. ಜಾಮೀನು, ಖುಲಾಸೆ, ಕ್ಷಮಾದಾನ, ದೋಷಮುಕ್ತ ಅಂತ ಬೇರೆ ಬೇರೆ ಪದಗಳು ನಮ್ಮಲ್ಲೂ ಇವೆ, ನಾವು ಹುಡುಕೋ ಗೋಜಿಗೆ ಹೋಗಲ್ಲ ಅಷ್ಟೇ. ಇಂಗ್ಲಿಷ್ ಆಗಲಿ ಕನ್ನಡ ಆಗಲಿ, ಕೋರ್ಟಿನ ಸುದ್ದಿ ಹೇಳುವಾಗ ಸರಿಯಾದ ಪದ ಆರಿಸೋಕೆ ಬೇಕಾಗೋದು ಐದೇ ಸೆಕೆಂಡು. ತಪ್ಪು ಪದವನ್ನು ಒಬ್ಬ ಮನುಷ್ಯನ ಮೈಮೇಲಿಂದ ಕೀಳೋಕೆ ಡ್ರೇಫಸ್ ವಿಷಯದಲ್ಲಿ ಹನ್ನೆರಡು ವರ್ಷ ಹಿಡಿಯಿತು.